ಮಳೆಯಲ್ಲೂ ಉರಿಯುವ ತೊಗಟೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

"ಅಷ್ಟು ಒದ್ದೆ ಕಾಡಿನಲ್ಲಿ ಅದೆಂಥ ಬೆಂಕಿ ಹಾಕ್ತೀರೋ ಮಾರಾಯ" ಅಂತ ಫೋನಿನಲ್ಲಿ ನಕ್ಕೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆಷಾಢದಲ್ಲಿ ನಿಮ್ಮ ಬಚ್ಚಲೊಲೆ ಸೀಮೆಎಣ್ಣೆ ಇಲ್ಲದೆ ಹತ್ತುವುದಿಲ್ಲ ಅಲ್ವಾ? ನಾನಿರುವ ಫಿನ್‌ಲೆಂಡಿನಲ್ಲಿ ಆ ಕೆಲಸಕ್ಕೆ ಬರ್ಚ್ ಮರದ ತೊಗಟೆ ಇದೆ. ಹಿಮಾಲಯದ ಭೂರ್ಜಪತ್ರದ ಮರ ಇದರ ದಾಯಾದಿಯೇ.

ಹೊರಗೆ ಬಿಳಿ, ಒಳಗೆ ತಿಳಿಕಂದು. ಉಗುರು ಕೊಟ್ಟು ಎಳೆದರೆ ಈರುಳ್ಳಿ ಸಿಪ್ಪೆ ಹಾಗೆ ಪದರ ಪದರವಾಗಿ ಬರುತ್ತದೆ. ಅದರಲ್ಲಿ ಬೆಟುಲಿನ್ ಅನ್ನುವ ವಸ್ತು ತುಂಬಿದೆ. ಮರದ ಬಿಳಿ ಬಣ್ಣಕ್ಕೂ ಅದೇ ಕಾರಣ, ತೊಗಟೆಗೆ ನೀರು ಹಿಡಿಯದಿರುವುದಕ್ಕೂ ಅದೇ. ಕಾಡಿನಲ್ಲಿ ಬಿದ್ದ ಹಳೇ ಮರವನ್ನು ಕಾಲಲ್ಲಿ ಒತ್ತಿದರೆ ಗೊತ್ತಾಗುತ್ತದೆ. ಒಳಗೆಲ್ಲ ಕೊಳೆತು ಪುಡಿಯಾಗಿರುತ್ತದೆ, ತೊಗಟೆ ಮಾತ್ರ ಗಟ್ಟಿಯಾಗಿ ಹಾಗೇ ಇರುತ್ತದೆ.

ಒದ್ದೆಯಾಗಿದ್ದರೆ ಅಂಗಿಗೆ ಒರೆಸಿ, ತೆಳುವಾಗಿ ಸೀಳಿ, ಕಡ್ಡಿ ಗೀರಿದರೆ ಆಯಿತು. ಚರಚರ ಅನ್ನುತ್ತಾ ಸುರುಳಿ ಸುತ್ತಿಕೊಂಡು ಉರಿಯುತ್ತದೆ. ಮೇಲೆ ಸಣ್ಣ ಚಕ್ಕೆ, ಆಮೇಲೆ ಕಟ್ಟಿಗೆ. ಆ ಕಟ್ಟಿಗೆ ಮಾತ್ರ ಒಣಗಿರಲೇಬೇಕು.

ಆದರೆ ಆ ಉರಿಯಲ್ಲಿ ಅಡುಗೆ ಬೇಡ. ಕಪ್ಪು ಹೊಗೆ, ಜಿಡ್ಡು ಮಸಿ. ಕಾಫಿ ಪಾತ್ರೆಯ ತಳ ಕಪ್ಪಾದರೆ ಹೋಗಲಿ, ಗೊಜ್ಜಿಗೆಂದು ಸುಡುವ ಬದನೆಕಾಯಿಗೆ ಆ ವಾಸನೆ ಹಿಡಿದರೆ ಗೊಜ್ಜು ಕೆಟ್ಟಂತೆಯೇ. ತೊಗಟೆ ಪೂರ್ತಿ ಉರಿದು, ಕಟ್ಟಿಗೆ ಕೆಂಡವಾಗುವ ತನಕ ಸುಮ್ನೆ ಕೂರಬೇಕು. ಇಲ್ಲಿನವರು ಅಷ್ಟು ಹೊತ್ತು ಒಂದು ಮಾತೂ ಆಡದೆ ಕೂರುತ್ತಾರೆ. ನಿನಗೆ ಕಷ್ಟ ಬಿಡು.

ಇನ್ನೊಂದು, ಬದುಕಿರುವ ಮರಕ್ಕೆ ಕೈ ಹಾಕುವ ಹಾಗಿಲ್ಲ. ಸುಲಿದ ಜಾಗದಲ್ಲಿ ಕಪ್ಪು ಗಾಯ ಉಳಿದುಬಿಡುತ್ತದೆ, ಮಾಲೀಕರ ಒಪ್ಪಿಗೆ ಇಲ್ಲದೆ ಸುಲಿಯಲು ಕಾನೂನೂ ಬಿಡುವುದಿಲ್ಲ. ಬೇರೆಯವರ ಜಾಗದಲ್ಲಿ ಬೆಂಕಿ ಹಾಕಲು ಅವರ ಒಪ್ಪಿಗೆಯೂ ಬೇಕು. ಕಾಡ್ಗಿಚ್ಚಿನ ಎಚ್ಚರಿಕೆ ಕೊಟ್ಟ ದಿನ ಕಾಡಿನಲ್ಲಿ ತೆರೆದ ಬೆಂಕಿ ಹಾಕುವಂತೆಯೇ ಇಲ್ಲ. ಹೆಲ್ಸಿಂಕಿಯ ಹತ್ತಿರದ ನೂಕ್ಸಿಯೊ ರಾಷ್ಟ್ರೀಯ ಉದ್ಯಾನದಲ್ಲಿ ಬೆಂಕಿ ಹಾಕಲೆಂದೇ ಗುರುತು ಮಾಡಿದ ಜಾಗಗಳಿವೆ. ಹಲವು ಕಡೆ ಕಟ್ಟಿಗೆಯನ್ನೂ ಉದ್ಯಾನದವರೇ ಇಟ್ಟಿರುತ್ತಾರೆ. ಬರ್ಚ್ ಕೊರಡು ಸಿಕ್ಕರೆ ತೊಗಟೆ ಅದರ ಮೇಲೇ ಇರುತ್ತದೆ, ಬೇರೆಲ್ಲೂ ಹುಡುಕಬೇಕಾಗಿಲ್ಲ.

ನೀನು ಬಂದಾಗ ಅಲ್ಲಿಗೇ ಹೋಗೋಣ. ಬದನೆಕಾಯಿ ಇಲ್ಲೂ ಸಿಗುತ್ತದೆ, ತರಬೇಡ. ಸೂಜಿಮೆಣಸು ಸಿಗೋದು ಕಷ್ಟ. ಒಣಗಿಸಿದ್ದು ಸ್ವಲ್ಪ ಕಟ್ಟಿಕೊಂಡು ಬಾ.

ನಿನ್ನ ಗೆಳೆಯ