ನದಿದಡದ ಸಂಗ್ರಹಾಲಯ: ಬದಲಾಗುವ ಪ್ರದರ್ಶನಕ್ಕೂ ಒಂದು ಕೋಣೆ ಇರಲಿ

ಮಾನ್ಯ ಸಂಪಾದಕರೆ,

ಕಳೆದ ತಿಂಗಳು ಮೊಮ್ಮಗಳೊಂದಿಗೆ ಪಣಜಿಗೆ ಹೋದವನು ಮಾಂಡೋವಿ ನದಿಯ ಆಚೆ ದಡದ ರೇಯಿಸ್ ಮಾಗೋಸ್ ಕೋಟೆಯನ್ನು ಎರಡನೆಯ ಬಾರಿ ನೋಡಿ ಬಂದೆ. ಪೋರ್ಚುಗೀಸರು 1551ರಲ್ಲಿ ಕಟ್ಟಿದ, ಮುಂದೆ ಬಹುಕಾಲ ಸೆರೆಮನೆಯಾಗಿದ್ದ ಈ ಕೋಟೆಯನ್ನು ದುರಸ್ತಿ ಮಾಡಿ 2012ರಲ್ಲಿ ಸಾರ್ವಜನಿಕರಿಗೆ ತೆರೆಯಲಾಗಿದೆ. ವ್ಯಂಗ್ಯಚಿತ್ರಕಾರ ಮಾರಿಯೋ ಮಿರಾಂಡಾ ಅವರ ಚಿತ್ರಗಳು ಮೊದಲಿನಂತೆಯೇ ಇದ್ದವು. ಆದರೆ ಪಕ್ಕದ ಕೋಣೆಯಲ್ಲಿ ನಾನು ಹಿಂದೆ ನೋಡಿದ್ದ ಪ್ರದರ್ಶನ ಹೋಗಿ ಬೇರೊಂದು ಬಂದಿತ್ತು. ಬುರುಜಿನ ಮೇಲೆ ನಿಂತು ಎದುರಿನ ಪಣಜಿಯನ್ನು ನೋಡುವಾಗ ನನಗೆ ನೆನಪಾದದ್ದು ನಮ್ಮ ಕಾರವಾರದ ಸದಾಶಿವಗಡ. ನದಿಯು ಕಡಲನ್ನು ಸೇರುವ ಹತ್ತಿರ, ಊರಿಗೆ ಎದುರಾಗಿ, ಉತ್ತರ ದಡದಲ್ಲೊಂದು ಕೋಟೆ: ಎರಡೂ ನಿಂತ ಜಾಗ ಒಂದೇ ಬಗೆಯದು. ನಮ್ಮ ಗುಡ್ಡವನ್ನು ಹೆದ್ದಾರಿ ಸೀಳಿಕೊಂಡು ಹೋಗಿದೆ ಎಂಬುದಷ್ಟೇ ವ್ಯತ್ಯಾಸವಲ್ಲ, ಅಲ್ಲಿರುವಂಥ ಪ್ರದರ್ಶನವೂ ಇಲ್ಲಿಲ್ಲ ಎನ್ನುವುದು ಕಾರವಾರದವರಿಗೆ ಗೊತ್ತಿರುವ ಮಾತು.

ಕಾರವಾರದಲ್ಲಿ ನೋಡಲು ಏನೂ ಇಲ್ಲವೆಂದು ನಾನು ಹೇಳುತ್ತಿಲ್ಲ. ಟ್ಯಾಗೋರ್ ಕಡಲತೀರದಲ್ಲಿ ಸಂಗ್ರಹಾಲಯವಾಗಿರುವ ಚಪಲ್ ಯುದ್ಧನೌಕೆಯಿದೆ. ತಮಿಳುನಾಡಿನ ಅರಕ್ಕೋಣಂನಿಂದ ಬಿಡಿಭಾಗಗಳಾಗಿ ಬಂದು ಇಲ್ಲಿ ಜೋಡಣೆಗೊಂಡ ನೌಕಾಪಡೆಯ ಟುಪೊಲೆವ್ ವಿಮಾನವೂ ಈಗ ಅದರ ಪಕ್ಕದಲ್ಲಿದೆ. ಹೊರಗಿನಿಂದ ಬಂದವರಿಗೆ ಇವು ಚೆನ್ನ. ಆದರೆ ನೌಕೆ, ವಿಮಾನಗಳು ಬದಲಾಗುವಂಥವಲ್ಲ. ಊರಿನವರು ಒಮ್ಮೆ ನೋಡಿದ ಮೇಲೆ ಮತ್ತೆ ಆ ಕಡೆ ಹೋಗುವುದು ಮನೆಗೆ ನೆಂಟರು ಬಂದಾಗ ಮಾತ್ರ. ಆದ್ದರಿಂದ ಕಾಳಿ ನದಿಯ ದಡದಲ್ಲಿ, ಕೋಡಿಬಾಗದ ಕಡೆಗಾಗಲಿ ಸದಾಶಿವಗಡದ ಕಡೆಗಾಗಲಿ, ನಾಲ್ಕು ತಿಂಗಳಿಗೊಮ್ಮೆ ಪ್ರದರ್ಶನ ಬದಲಾಗುವ ಸಂಗ್ರಹಾಲಯವೊಂದು ಆಗಬೇಕೆಂಬುದು ನನ್ನ ಕೋರಿಕೆ.

ತೋರಿಸಲು ಏನಿದೆ ಎಂದು ಕೇಳುವವರಿಗೆ ಅಘನಾಶಿನಿ ನದಿಯೊಂದೇ ಉತ್ತರವಾದೀತು. 2024ರಲ್ಲಿ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿದ ಆ ಅಳಿವೆಯ ಗಜನಿಗಳಲ್ಲಿ, ಅಂದರೆ ಉಬ್ಬರದ ನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ರೈತರು ಒಟ್ಟಾಗಿ ಕಟ್ಟೆ ಕಟ್ಟಿ, ಉಬ್ಬರದ ಉಪ್ಪುನೀರನ್ನು ಹಲಗೆಯ ಬಾಗಿಲಿನಿಂದ ತಡೆದು, ಮಳೆನೀರಿಗೆ ಉಪ್ಪು ತೊಳೆದುಹೋದ ಮೇಲೆ ಕಗ್ಗ ಭತ್ತವನ್ನು ಬಿತ್ತುತ್ತಾರೆ. ನೆರೆಯಲ್ಲಿ ಮುಳುಗಿದರೂ ಕೆಲವು ದಿನ ತಾಳಿಕೊಳ್ಳುವ ಈ ಎತ್ತರದ ಪೈರಿನ ಕೊಯ್ಲಾದ ಬಳಿಕ ಅದೇ ಗದ್ದೆಗೆ ಉಪ್ಪುನೀರು ಬಿಟ್ಟರೆ, ಉಳಿದ ಕೂಳೆಯ ನಡುವೆ ಸಿಗಡಿ ಮತ್ತು ಮೀನು ಬೆಳೆಯುತ್ತವೆ. ಒಂದೇ ಗದ್ದೆಯಿಂದ ಅನ್ನವನ್ನೂ ಸಾರನ್ನೂ ಪಡೆಯುವ ಈ ವಿದ್ಯೆಯನ್ನು ಒಂದು ಕಗ್ಗದ ಪೈರು, ಒಂದು ಬಾಗಿಲ ಹಲಗೆ, ಒಂದು ಬುಟ್ಟಿ ಬಳಚು (ಚಿಪ್ಪುಮೀನು), ಸಾಣಿಕಟ್ಟೆಯ ಒಂದು ಚೀಲ ಉಪ್ಪು ಇಟ್ಟುಕೊಂಡು ವಿವರಿಸಬಹುದು. ಮುಂದಿನ ಸರದಿ ಶರಾವತಿ ದಡದ ಗೇರುಸೊಪ್ಪೆಯ ಕಾಳುಮೆಣಸಿನ ವ್ಯಾಪಾರದ್ದಾಗಲಿ. ಅದಾದ ಮೇಲೆ ಅಣೆಕಟ್ಟಿನಲ್ಲಿ ಮುಳುಗಿದ ಸೂಪಾ ಊರಿನದು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಬಂದಿದ್ದ ರವೀಂದ್ರನಾಥರು ದೋಣಿ ಹತ್ತಿ ವಿಹರಿಸಿದ್ದು ಇದೇ ಕಾಳಿಯಲ್ಲಿ ಎಂಬುದನ್ನು ಕಡಲತೀರಕ್ಕೆ ಅವರ ಹೆಸರಿಟ್ಟ ನಾವು ಮರೆತಂತಿದೆ.

ಪ್ರದರ್ಶನ ಬದಲಿಸುವುದು ನೋಡುಗರ ಬೇಸರ ಕಳೆಯಲಿಕ್ಕೆ ಮಾತ್ರವಲ್ಲ. ಹಳೆಯ ಕಾಗದ, ಬಟ್ಟೆ, ಬಣ್ಣದ ಫೋಟೊಗಳು ಬೆಳಕಿಗೆ ಮಾಸುತ್ತವೆ; ಇಂಥವನ್ನು ಸುಮಾರು 50 ಲಕ್ಸ್‌ನಷ್ಟು (ಲಕ್ಸ್ ಎಂದರೆ ಬೆಳಕಿನ ಅಳತೆ) ಮಂದ ಬೆಳಕಿನಲ್ಲಿ ಕೆಲವೇ ತಿಂಗಳು ಇಟ್ಟು, ಮತ್ತೆ ಕತ್ತಲೆಯಲ್ಲಿ ವಿಶ್ರಾಂತಿ ಕೊಡುವುದು ಸಂಗ್ರಹಾಲಯಗಳ ರೂಢಿ. ಆಷಾಢದಲ್ಲಿ ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವ ನಮ್ಮ ಕರಾವಳಿಯಲ್ಲಿ ತೇವಾಂಶ ಹೀರುವ ಯಂತ್ರವಿಲ್ಲದೆ ಕಟ್ಟಡ ಕಟ್ಟಿದರೆ, ಉದ್ಘಾಟನೆಯ ಫಲಕವೊಂದೇ ಉಳಿದೀತು. ಬೇರೊಂದು ಊರಿನ ಸಂಗ್ರಹಾಲಯದಲ್ಲಿ ವಿವರಣೆಯ ಚೀಟಿಗಳೆಲ್ಲ ನೀರು ಕುಡಿದು ಓದಲಾಗದಂತೆ ಆಗಿದ್ದನ್ನು ನಾನೇ ಕಂಡಿದ್ದೇನೆ.

ದೊಡ್ಡ ಕಟ್ಟಡಕ್ಕಾಗಿ ಕಾಯುವ ಅಗತ್ಯವೂ ಇಲ್ಲ. ನದಿಯ ಹತ್ತಿರ ಖಾಲಿ ಬಿದ್ದಿರುವ ಯಾವುದಾದರೂ ಸರ್ಕಾರಿ ಕಟ್ಟಡದ ಎರಡು ಕೋಣೆಗಳಲ್ಲಿ ಆರಂಭಿಸಬಹುದು. 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದ ಕಾಳಿಯ ಹಳೆಯ ಸೇತುವೆ ಮತ್ತು ಅದಕ್ಕೂ ಮೊದಲಿನ ದೋಣಿ ದಾಟುವಿಕೆಯೇ ಮೊದಲ ಪ್ರದರ್ಶನದ ವಿಷಯವಾಗಲಿ. ದೋಣಿಗಾಗಿ ದಡದಲ್ಲಿ ಸಾಲುಗಟ್ಟಿ ನಿಂತ ಜನರ ಎರಡು ಕಪ್ಪು-ಬಿಳುಪು ಫೋಟೊಗಳು ನಮ್ಮ ಮನೆಯಲ್ಲಿವೆ. ಜಿಲ್ಲಾಡಳಿತ ಕೇಳಿದ ದಿನವೇ ತಂದುಕೊಡುತ್ತೇನೆ.

— ನಿವೃತ್ತ ಶಿಕ್ಷಕ, ಕೋಡಿಬಾಗ, ಕಾರವಾರ