ಸದಸ್ಯರಿಗೆ ಸೂಚನೆ: ಪರಿಚಯ ಕೇಳುವ, ಮಾಡಿಸುವ ರೀತಿ

ಎಲ್ಲರಿಗೂ ನಮಸ್ಕಾರ. ಅಂಚಿನ ಸಮುದಾಯಗಳಿಂದ ಬಂದು ವ್ಯಾಪಾರ ಮಾಡುವ ನಮ್ಮಂಥವರಿಗೆ ಕೆಲಸ ಗೊತ್ತಿರುತ್ತದೆ, ಜನ ಗೊತ್ತಿರುವುದಿಲ್ಲ. ಯಾವ ಟೆಂಡರ್ ಯಾವಾಗ ಬರುತ್ತದೆ, ಯಾವ ಸಗಟು ವ್ಯಾಪಾರಿ ಸಾಲಕ್ಕೆ ಸರಕು ಕೊಡುತ್ತಾನೆ, ಇದೆಲ್ಲ ಬಾಯಿಂದ ಬಾಯಿಗೆ ಹೋಗುವ ಸುದ್ದಿ, ನಮ್ಮವರೆಗೆ ಬರುವಷ್ಟರಲ್ಲಿ ಹಳೆಯದಾಗಿರುತ್ತದೆ.

ಹತ್ತಿರದವರು ಕಷ್ಟಕ್ಕೆ ಆಗುತ್ತಾರೆ, ನಿಜ. ಕೈಗಡ ಕೊಡುತ್ತಾರೆ, ಒಂದು ದಿನ ಅಂಗಡಿ ನೋಡಿಕೊಳ್ಳುತ್ತಾರೆ. ಆದರೆ ಅವರಿಗೂ ನಮಗೆ ಗೊತ್ತಿರುವಷ್ಟೇ ಗೊತ್ತು, ಅಲ್ವಾ? ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನು ಬರೆದಿದ್ದರು. ಪರಿಚಯದಿಂದ ನೌಕರಿ ಸಿಕ್ಕವರನ್ನು ಅವರು ಕೇಳಿದಾಗ, ಆ ಪರಿಚಯದವರನ್ನು ಪದೇ ಪದೇ ಭೇಟಿಯಾಗುತ್ತಿದ್ದವರು ಸುಮಾರು ಆರರಲ್ಲಿ ಒಬ್ಬರು ಮಾತ್ರ. ಉಳಿದವರಿಗೆ ಸುದ್ದಿ ಕೊಟ್ಟಿದ್ದು ಆಗೊಮ್ಮೆ ಈಗೊಮ್ಮೆ ಸಿಗುವವರು. ಅದು ನೌಕರಿಯ ಮಾತು, ನನ್ನ ಪ್ರಕಾರ ಆರ್ಡರ್‌ಗೂ ಹೆಚ್ಚುಕಮ್ಮಿ ಅದೇ.

ಅದಕ್ಕೆ ನಮ್ಮ ಈ ಗುಂಪಿನಲ್ಲಿ ಸುಮ್ನೆ 'ಆರ್ಡರ್ ಇದ್ದರೆ ಹೇಳಿ' ಅಂತ ಹಾಕಬೇಡಿ. ಏನು ಮಾಡುತ್ತೀರಿ, ತಿಂಗಳಿಗೆ ಎಷ್ಟು ಮಾಲು ಕೊಡಬಲ್ಲಿರಿ, ಯಾರ ಪರಿಚಯ ಬೇಕು, ಎಲ್ಲ ಬರೆಯಿರಿ. ಪರಿಚಯ ಇರುವವರು ನಂಬರ್ ಕಳಿಸಿ ಕೈತೊಳೆದುಕೊಳ್ಳಬೇಡಿ, ನೀವೇ ಒಮ್ಮೆ ಫೋನ್ ಮಾಡಿ ಹೇಳಿ (ಹೆಸರು ಕೇಳಿದ ಕೂಡಲೇ ದನಿ ಬದಲಾಗುವವರು ಇದ್ದಾರೆ, ಗೊತ್ತಲ್ಲ). ಶುಭೋದಯದ ಫಾರ್ವರ್ಡ್‌ಗಳನ್ನು ಬೇರೆ ಗುಂಪಿಗೆ ಹಾಕಿ.