ಮಗಳಿಗೊಂದು ಪತ್ರ: ಮತ್ಸ್ಯಕನ್ಯೆಗೆ ಇಟ್ಟ ಹೆಸರು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಹೆಸರಿನ ಪಟ್ಟಿ ನೋಡಿದೆ. ಮೊದಲನೆಯದೇ ಏರಿಯಲ್! ನಿಮ್ಮಮ್ಮನಿಗೆ ಓದಿ ಹೇಳಿದೆ. 'ಸೋಪಿನ ಪುಡಿ ಹೆಸರನ್ನ ಮಗುವಿಗೆ ಇಡ್ತಾಳಂತಾ?' ಅಂದಳು. ಊರಿಗೆ ಬಂದಾಗಲೆಲ್ಲ ಈ ಮಾತು ಕೇಳೋಕೆ ರೆಡಿ ಇರು.

ಮತ್ಸ್ಯಕನ್ಯೆ ಏರಿಯಲ್‌ಳ ಆ 'ದಿ ಲಿಟಲ್ ಮರ್ಮೇಡ್' ಸಿನಿಮಾ ಅಂದರೆ ನಿನಗೆಷ್ಟು ಹುಚ್ಚು ಅಂತ ನನಗೆ ಗೊತ್ತಿಲ್ವಾ? ಸಿಡಿಗೆ ಗೀರು ಬಿದ್ದು ನಿಂತುಹೋಗುವ ತನಕ ನೋಡಿದವಳು ನೀನು. ನನಗೆ ನೆನಪಿರುವುದು ದೋಣಿಯ ಸೀನು. ದನಿ ಕಳೆದುಕೊಂಡ ಹುಡುಗಿಯ ಹೆಸರು ಊಹಿಸೋಕೆ ರಾಜಕುಮಾರ ಹೊರಡುತ್ತಾನೆ. ಮಿಲ್ಡ್ರೆಡ್ ಅಂದ ಕೂಡಲೇ ಅವಳು ಮುಖ ಕಿವುಚುತ್ತಾಳೆ. ಡಯಾನಾನೂ ಅಲ್ಲ, ರೇಚಲ್ಲೂ ಅಲ್ಲ. ಕೊನೆಗೆ ಏಡಿ ಮೆಲ್ಲಗೆ ಹೇಳಿಕೊಡಬೇಕಾಯಿತು. ಕಾಲಿಗೆ ಬದಲಾಗಿ ದನಿ ಕೊಡುವ ಮಾಟಗಾತಿಯ ಕರಾರಿಗೆ ಸಹಿ ಹಾಕಿದವಳು ಒಂದು ಚೀಟಿ ಬರೆದು ಕೊಡಬಾರದಿತ್ತಾ? ಆಗಲೂ ಕೇಳಿದ್ದೆ. 'ಸುಮ್ನಿರಪ್ಪಾ' ಅಂದಿದ್ದೆ ನೀನು.

ಮೂಲ ಕಥೆಯಲ್ಲಿ ಅವಳಿಗೆ ಹೆಸರೇ ಇಲ್ಲ. ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1837ರಲ್ಲಿ ಬರೆದ ಕಥೆ ಅದು. ಆರು ಜನ ರಾಜಕುಮಾರಿಯರಲ್ಲಿ ಎಲ್ಲರಿಗಿಂತ ಚಿಕ್ಕವಳು, ಪರಿಚಯ ಅಷ್ಟೇ. ಅಲ್ಲಿ ಮಾಟಗಾತಿ ನಾಲಿಗೆಯನ್ನೇ ಕತ್ತರಿಸುತ್ತಾಳೆ. ರಾಜಕುಮಾರ ಬೇರೆಯವಳನ್ನು ಮದುವೆಯಾಗುತ್ತಾನೆ. ಕೋಪನ್‌ಹೇಗನ್ನಿನ ದಡದಲ್ಲಿ 1913ರಿಂದ ಬಂಡೆ ಮೇಲೆ ಕೂತಿರುವ ಕಂಚಿನ ಹುಡುಗಿ ಅವಳೇ. 1989ರಲ್ಲಿ ಡಿಸ್ನಿಯವರು ಅವಳಿಗೆ ಹೆಸರಿಟ್ಟರು, ಮದುವೆಯನ್ನೂ ಮಾಡಿಸಿದರು. ಐದಿದ್ದ ಅಕ್ಕಂದಿರು ಆರಾದರು. ಆಕ್ವಾಟಾ, ಆಂಡ್ರಿನಾ, ಅರಿಸ್ಟಾ ಅಂತೆಲ್ಲ ಅವರಿಗೂ ಹೆಸರು ಸಿಕ್ಕಿತು. ಆದರೆ ಅವನ್ನೆಲ್ಲ ಯಾರು ಕೇಳ್ತಾರೆ?

ಏರಿಯಲ್ ಡಿಸ್ನಿಯವರು ಹುಟ್ಟಿಸಿದ ಹೆಸರೇನಲ್ಲ. ಇಸ್ರೇಲಿನಲ್ಲಿ ಗಂಡಸರಿಗೂ ಇಡುತ್ತಾರೆ, ಪ್ರಧಾನಿಯಾಗಿದ್ದ ಏರಿಯಲ್ ಶರೋನ್ ಇದ್ದರಲ್ಲ. ಷೇಕ್ಸ್‌ಪಿಯರನ ಒಂದು ನಾಟಕದಲ್ಲಿ ಗಾಳಿಯಲ್ಲಿ ಹಾರಾಡುವ ಜೀವಿಗೂ ಇದೇ ಹೆಸರು. ಅಮೆರಿಕದ ಅಪ್ಪ ಅಮ್ಮಂದಿರು ಮಾತ್ರ ಸಿನಿಮಾ ಬಂದ ಮೇಲೆ ಮುಗಿಬಿದ್ದರು. ಅಲ್ಲಿನ ಸೋಷಿಯಲ್ ಸೆಕ್ಯೂರಿಟಿ ಇಲಾಖೆ ವರ್ಷಾ ವರ್ಷಾ ಮಕ್ಕಳ ಹೆಸರಿನ ಪಟ್ಟಿ ಹಾಕುತ್ತದಲ್ಲ, 1991ರಲ್ಲಿ ಹುಡುಗಿಯರ ಪಟ್ಟಿಯಲ್ಲಿ ಇದಕ್ಕೆ 66ನೇ ಸ್ಥಾನ. ಆಮೇಲೆ ಅಷ್ಟು ಮೇಲೆ ಹೋಗಲೇ ಇಲ್ಲ. ಹಿಮದ ರಾಣಿ ಎಲ್ಸಾಳ ಕಥೆಯೂ ಇದೇ. 2013ರ ಕೊನೆಗೆ ಅವಳ 'ಫ್ರೋಜನ್' ಸಿನಿಮಾ ಬಂತು, 2014ರಲ್ಲಿ ಹೆಸರು 286ನೇ ಸ್ಥಾನಕ್ಕೆ ಹಾರಿತು, ಮತ್ತೆ ಇಳಿಯಿತು.

ಹಾಗಾಗಿ ನಿನ್ನ ಮಗಳ ಕ್ಲಾಸಿನಲ್ಲಿ ಇನ್ನೊಬ್ಬ ಏರಿಯಲ್ ಇರೋದು ಕಷ್ಟ. ನಿನ್ನ ಕ್ಲಾಸಿನ ದಿವ್ಯಾಗಳನ್ನು ಇನಿಷಿಯಲ್ ಸೇರಿಸಿ ಕರೆದಂತೆ ಇವಳನ್ನು ಕರೆಯಬೇಕಾಗಿಲ್ಲ. ಅವಳ ಟೀಚರ್ ಹೆಸರು ಏರಿಯಲ್ ಆಗಿರಬಹುದು ಅಷ್ಟೇ! ಆಗ ಹುಟ್ಟಿದವರಿಗೆಲ್ಲ ಈಗ ಮೂವತ್ತು ದಾಟಿದೆ.

ನನ್ನದೇನೂ ಅಡ್ಡಿಯಿಲ್ಲ. ತೊಟ್ಟಿಲಿಗೆ ಹಾಕುವಾಗ ಕಿವಿಯಲ್ಲಿ ಹೇಳೋಕೆ ಗೌರಿ ಅಂತಲೂ ಇರಲಿ ಅನ್ನೋದು ನಿಮ್ಮಮ್ಮನ ಹಟ. ಅಳಿಯಂದಿರನ್ನು ಒಂದು ಮಾತು ಕೇಳಿ ಭಾನುವಾರ ಫೋನ್ ಮಾಡು. ಮೆಂತ್ಯದ ಉಂಡೆ ಕಟ್ಟಿ ತರೋದು ಹೇಗೆ ಅಂತ ಅವಳು ಈಗಲೇ ಲೆಕ್ಕ ಹಾಕ್ತಿದ್ದಾಳೆ, ವಿಮಾನದಲ್ಲಿ ಬಿಡ್ತಾರಾ ವಿಚಾರಿಸು.

ಇಂತಿ,
ನಿನ್ನ ಅಪ್ಪ